ಅಟ್ಟದ ಹೈಕೋರ್ಟು

ಜ್ಞಾನಪ್ಪ ಮೈಸೂರಿನ ಕೋರ್ಟುಗಳಲ್ಲಿ ಅರ್ಧ ಆಯಸ್ಸು ಸವೆಸಿದವನು. ಆದರೆ ಒಂದು ದಿನವೂ ಅಲ್ಲಿ ಕೂತವನಲ್ಲ. ಮುನ್ಸೀಫರು ಕೂರುವುದನ್ನು ನೋಡಿದ್ದ, ಸಬ್ ಜಡ್ಜರು ಕೂರುವುದನ್ನು ನೋಡಿದ್ದ, ಡಿಸ್ಟ್ರಿಕ್ಟ್ ಜಡ್ಜರು ಕೂರುವ ಮೊದಲು ಅವರ ಕುರ್ಚಿಯ ಧೂಳನ್ನು ತಾನೇ ಒರೆಸಿದ್ದ. ಒಂದು ಸಲ ಕಾಗದದ ಕಟ್ಟು ಹೊತ್ತು ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಚೀಫ್ ಕೋರ್ಟಿನಲ್ಲಿ ದೊಡ್ಡ ಜಡ್ಜರೆಲ್ಲ ಒಟ್ಟಿಗೆ ಕೂರುವುದನ್ನೂ ಬಾಗಿಲ ಸಂದಿಯಿಂದ ಕಂಡು ಬಂದಿದ್ದ. ಅವನ ಪಾಲಿಗೆ ಬಂದದ್ದು ಕೆಂಪು ಪಟ್ಟಿ, ಹಿತ್ತಾಳೆ ಬಿಲ್ಲೆ, ದಫೇದಾರನೆಂಬ ಹೆಸರು, ಮತ್ತು ನಿಲ್ಲುವ ಕೆಲಸ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ಬಂದರೆ ಒಳಗೆ ಬಿಡಬೇಕು, ಬರದಿದ್ದರೆ ಅವರ ಹಣೆಬರಹ. ಕೂಗುವುದಷ್ಟೇ ಅವನ ಪಾಡು. ಕೇಳುವುದಕ್ಕೆ ಒಳಗಿದ್ದವರಿಗೆ ಬೇರೆ ಸಂಬಳವಿತ್ತು.

ಪಿಂಚಣಿಯಾಗಿ ದೇವರಾಜ ಮೊಹಲ್ಲಾದ ಓಣಿಮನೆಗೆ ಮರಳಿದ ಮೇಲೆ ಅವನಿಗೆ ಒಂದು ದೊಡ್ಡ ಸಂಕಟ ಶುರುವಾಯಿತು. ಈ ಮನೆಗೆ ಕ್ರಮವೆಂಬುದೇ ಇರಲಿಲ್ಲ. ತಟ್ಟೆಯ ಮುಂದೆ ಕೂತರೆ ಸಾಕು, ಎಡಗಿವಿಗೆ ಹೆಂಡತಿ ಅಂತೋಣಮ್ಮ, ಬಲಗಿವಿಗೆ ತಾಯಿ ಚೌರಮ್ಮ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದಿಟ್ಟವರು ಯಾರು, ಎಮ್ಮೆಹಾಲಿನವಳಿಗೆ ಬೈದವರು ಯಾರು, ಎಲ್ಲಾ ಫಿರ್ಯಾದೂ ನೇರವಾಗಿ ಇವನ ಅನ್ನಕ್ಕೇ ಬಂದು ಬೀಳುತ್ತಿತ್ತು. ಚೌರಮ್ಮನಿಗೆ ಎರಡು ಕಿವಿಯೂ ಮಂದ, ಹಾಗಾಗಿ ಜಗಳಕ್ಕೆ ಕೊನೆಯೂ ಇರಲಿಲ್ಲ. ಒಬ್ಬರಾದರೂ ಕೇಳಿಸಿಕೊಂಡರೆ ತಾನೇ ಜಗಳ ಮುಗಿಯುವುದು.

ಒಂದು ಭಾನುವಾರ ಊಟದ ಹೊತ್ತಿಗೆ ಅವನು ಕೈ ತೊಳೆದು, ಗಂಟಲು ಸರಿಮಾಡಿಕೊಂಡ.

"ನಮ್ಮ ಮಹಾರಾಜರ ಸಂಸ್ಥಾನ ಇಷ್ಟು ನೆಟ್ಟಗೆ ನಡೀತಿರೋದು ಯಾಕೆ ಗೊತ್ತೇನೇ?"

"ಕೆಲಸ ಮಾಡೋರು ಮಾಡ್ತಾವ್ರೆ, ಅದಕ್ಕೆ," ಎಂದಳು ಅಂತೋಣಮ್ಮ.

"ಅಲ್ಲ. ಮೆಟ್ಟಿಲಿದೆ, ಅದಕ್ಕೆ. ಯಾರೂ ನೇರವಾಗಿ ಚೀಫ್ ಕೋರ್ಟಿಗೆ ಹೋಗಿ ನನ್ನ ಹಸು ಕಳೆದೋಯ್ತು ಅನ್ನೋ ಹಾಗಿಲ್ಲ. ಮೊದಲು ಮುನ್ಸೀಫು. ಅಲ್ಲಿ ಸೋತರೆ ಡಿಸ್ಟ್ರಿಕ್ಟು. ಅಲ್ಲೂ ಸೋತರೆ ಆಮೇಲೆ ಬೆಂಗಳೂರು. ಈ ಮನೇಲೂ ಇವತ್ತಿಂದ ಹಂಗೇ. ಅಡುಗೆಮನೆ ಮುನ್ಸೀಫ್ ಕೋರ್ಟು, ಅದಕ್ಕೆ ನೀನು. ಪಡಸಾಲೆ ಡಿಸ್ಟ್ರಿಕ್ಟ್ ಕೋರ್ಟು, ಅದಕ್ಕೆ ಅವ್ವ. ನಾನು ಚೀಫ್ ಕೋರ್ಟು."

"ಮಧ್ಯದಲ್ಲಿ ಸಬ್ ಕೋರ್ಟು ಅಂತ ಒಂದು ಹೇಳ್ತಿದ್ರಲ್ಲ?"

"ಇದೆ. ಅದಕ್ಕೆ ಜನ ಸಾಲದು. ಖಾಲಿ ಇರಲಿ."

"ಖಾಲಿ ಯಾಕೆ, ಬೆಕ್ಕಿದೆಯಲ್ಲ," ಎಂದು ಅಂತೋಣಮ್ಮ ತಟ್ಟೆ ಎತ್ತಿದಳು.

ಕೆಳಗಿನ ಕೋರ್ಟು ಕೆಳಗಿದ್ದರೆ ಮೇಲಿನ ಕೋರ್ಟು ಮೇಲಿರಬೇಕಲ್ಲ. ಆ ಮನೆಯಲ್ಲಿ ಮೇಲೆ ಇದ್ದದ್ದು ಅಟ್ಟವೊಂದೇ. ಹುಣಸೆಹಣ್ಣಿನ ಗಡಿಗೆ, ಈರುಳ್ಳಿ, ಬೂದಿ ಬಳಿದ ಬಿತ್ತನೆ ಅವರೆ, ಇವುಗಳ ನಡುವೆ ಜಾಗ ಮಾಡಿಕೊಂಡು, ಆರಾಮಕುರ್ಚಿಯೊಂದನ್ನು ಹಗ್ಗ ಕಟ್ಟಿ ಮೇಲಕ್ಕೆಳೆಸಿ, ಜ್ಞಾನಪ್ಪ ಏಣಿ ಹತ್ತಿ ಕೂತುಬಿಟ್ಟ. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ ಎಂದು ಗಾದೆ. ಇವನು ಅಟ್ಟಕ್ಕೆ ಹಾರಿ ಅದನ್ನೇ ಬೆಟ್ಟವೆಂದು ತಿಳಿದ. ತಲೆ ಎತ್ತಿದರೆ ತೊಲೆ ಬಡಿಯುತ್ತಿತ್ತು, ಆದ್ದರಿಂದ ಕೂತೇ ಇರಬೇಕಾಗಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ.

ಬರಿ ಮೆಟ್ಟಿಲಿದ್ದರೆ ಸಾಲದು, ಕಾನೂನೂ ಬೇಕು. ವಕೀಲರು ಕೋರ್ಟಿನ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತ ಆಡಿಕೊಳ್ಳುತ್ತಿದ್ದ ಒಂದು ಮಾತು ಅವನ ತಲೆಯಲ್ಲಿ ಕೂತಿತ್ತು. ಎರಡನೇ ಅಪೀಲಿನಲ್ಲಿ ಸಂಗತಿ ಕೇಳುವ ಹಾಗಿಲ್ಲ, ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಕೇಳಬಹುದು. ಯಾರು ಯಾರಿಗೆ ಹೊಡೆದರು, ಹೊಲದ ಬದು ಎಲ್ಲಿತ್ತು, ಇವೆಲ್ಲ ಸಂಗತಿ. ಅದನ್ನು ಕೆಳಗಿನವರು ತೀರ್ಮಾನ ಮಾಡಿದರೆ ಮುಗಿಯಿತು. ಜ್ಞಾನಪ್ಪನಿಗೆ ಈ ನಿಯಮ ಜೇನುತುಪ್ಪದ ಹಾಗೆ ರುಚಿಸಿತು. ಸಂಸಾರದಲ್ಲಿ ಇರುವುದೆಲ್ಲ ಸಂಗತಿಯೇ, ಕಾನೂನಿನ ಪ್ರಶ್ನೆ ಯಾವ ಸೌಟಿನಲ್ಲಿ ಬರುತ್ತದೆ? ಅಂದರೆ ಅವನು ಇನ್ನು ಸಾಯುವವರೆಗೆ ಏನನ್ನೂ ಕೇಳಬೇಕಾಗಿರಲಿಲ್ಲ.

ಈ ನಿಯಮವನ್ನು ಅವನಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವಳು ಅಂತೋಣಮ್ಮ. ಮೊದಲ ವಾರದಲ್ಲೇ ಹುರುಳಿಸಾರು ಉಪ್ಪಿನ ಕಷಾಯವಾಯಿತು. ಜ್ಞಾನಪ್ಪ ಅಟ್ಟದಿಂದ ಕತ್ತು ಚಾಚಿದ.

"ಲೇ, ಸಾರಿಗೆ ಉಪ್ಪು ಹೆಚ್ಚಾಗಿದೆ ಕಣೇ."

"ಇದು ಸಂಗತಿಯೋ, ಕಾನೂನಿನ ಪ್ರಶ್ನೆಯೋ?"

ಚೀಫ್ ಕೋರ್ಟು ನಾಲಿಗೆ ಚಪ್ಪರಿಸಿ ನೋಡಿತು. "ನಾಲಿಗೆ ಉರಿಯುತ್ತಿದೆಯಲ್ಲೇ."

"ಅದು ಸಂಗತಿ. ಉಪ್ಪು ಸರಿಯಾಗಿದೆ ಅಂತ ಕೆಳಗಿನ ಕೋರ್ಟು ತೀರ್ಮಾನ ಮಾಡಿದೆ. ಬೇಕಾದ್ರೆ ಡಿಸ್ಟ್ರಿಕ್ಟ್ ಕೋರ್ಟಲ್ಲಿ ಕೇಳ್ಕೊಳ್ಳಿ."

ಡಿಸ್ಟ್ರಿಕ್ಟ್ ಕೋರ್ಟು ಪಡಸಾಲೆಯ ಚಾಪೆಯ ಮೇಲೆ ಜಪಮಾಲೆ ಹಿಡಿದು ಕೂತಿತ್ತು. ಮಗ ಏನೋ ಕೂಗಿದನೆಂದು ಮೇಲೆ ನೋಡಿ, "ಊಟ ಆಯ್ತಾ ಮಗಾ?" ಎಂದಿತು. ಆ ಕೋರ್ಟು ಎಲ್ಲಾ ಅಪೀಲಿಗೂ ಕೊಡುತ್ತಿದ್ದ ತೀರ್ಪು ಅದೊಂದೇ. ಜ್ಞಾನಪ್ಪ ಒಂದು ಚೊಂಬು ನೀರು ಕುಡಿದು, ಕಾನೂನನ್ನು ಗೌರವಿಸಿ ಮಲಗಿದ.

ಆ ವರ್ಷವೇ ಬೆಂಗಳೂರಿನ ಚೀಫ್ ಕೋರ್ಟಿಗೆ ಹೈಕೋರ್ಟು ಎಂದು ಹೊಸ ಹೆಸರಾಯಿತು. ಸುದ್ದಿ ಕಿವಿಗೆ ಬಿದ್ದ ದಿನವೇ ಅಟ್ಟವೂ ಹೈಕೋರ್ಟಾಯಿತು. ಈರುಳ್ಳಿ ಮಾತ್ರ ಅಲ್ಲೇ ಉಳಿಯಿತು.

ಇಷ್ಟರವರೆಗೆ ಇದೆಲ್ಲ ನಗೆಯ ಮಾತೇ. ನಗುವುದಕ್ಕಾಗದ ಮಾತು ಶುರುವಾಗುವುದು ಅಗ್ನೆಸಳಿಂದ.

ಅಗ್ನೆಸ್ ಅವರ ಒಬ್ಬಳೇ ಮಗಳು. ಕಾನ್ವೆಂಟಿನಲ್ಲಿ ಚಿಕ್ಕ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ಅಪ್ಪನ ಹುಚ್ಚಾಟಕ್ಕೆ ನಗದೆ, ಬೈಯದೆ, ಬೆಳಿಗ್ಗೆ ಸಂಜೆ ಕಾಫಿ ಲೋಟ ಹಿಡಿದು ಏಣಿ ಹತ್ತುತ್ತಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಒಂದು ಸಂಜೆ ಲೋಟ ಕೊಟ್ಟ ಮೇಲೂ ಇಳಿಯದೆ ಏಣಿಯ ಮೇಲೆಯೇ ನಿಂತಳು.

"ಅಪ್ಪಾ, ಒಂದು ಮಾತು."

"ಹೇಳಮ್ಮ."

"ಬಟ್ಟೆ ಅಂಗಡಿ ಮರಿಯಯ್ಯನೋರ ವಿಷಯ. ಅಮ್ಮ ಒಪ್ಕೊಂಡ್ಬುಟ್ಟವ್ರೆ. ನನಗೆ..."

ಜ್ಞಾನಪ್ಪ ಕೈ ಎತ್ತಿದ. ಮರಿಯಯ್ಯನನ್ನು ಅವನು ಬಲ್ಲ. ಮಾರ್ಕೆಟ್ಟಿನ ಪಕ್ಕದಲ್ಲಿ ಅಂಗಡಿ, ಕೈತುಂಬ ವ್ಯಾಪಾರ, ಹೆಂಡತಿ ತೀರಿಕೊಂಡವನು. ಮೊದಲ ಮದುವೆಯ ಮಗನಿಗೇ ಮೀಸೆ ಬಂದಿತ್ತು. ಅಂತೋಣಮ್ಮ ಆ ಅಂಗಡಿಯ ಮೇಲೆ ಕಣ್ಣಿಟ್ಟಿದ್ದಾಳೆಂದು ಅವನಿಗೆ ಒಳಗೊಳಗೇ ಗೊತ್ತಿತ್ತು. ಈ ಮಾತನ್ನು ಪೂರ್ತಿ ಕೇಳಿದರೆ ಏಣಿ ಇಳಿಯಬೇಕು, ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲಬೇಕು, ಹೆಂಡತಿಯ ಮುಖ ನೋಡಿ ಬೇಡ ಅನ್ನಬೇಕು. ನಿಜ ಹೇಳಬೇಕೆಂದರೆ ಅವನಿಗೆ ಆ ಧೈರ್ಯವಿರಲಿಲ್ಲ. ಧೈರ್ಯವಿಲ್ಲದವನಿಗೆ ಕಾನೂನಿನಷ್ಟು ಒಳ್ಳೆಯ ಗೋಡೆ ಇನ್ನೊಂದಿಲ್ಲ.

"ಅಮ್ಮನ ತೀರ್ಪಿನ ಮೇಲೆ ಅಪೀಲೇನಮ್ಮ ಇದು? ಹಂಗಾದ್ರೆ ಮೊದಲು ಅಜ್ಜಿ ಹತ್ರ ಹೋಗು."

"ಅಜ್ಜಿಗೆ ಕೇಳಿಸೋದಿಲ್ಲ ಅಪ್ಪಾ."

"ಕೇಳಿಸ್ಲಿ ಬುಡ್ಲಿ, ಅಲ್ಲಿ ಹೋಗದೆ ಇಲ್ಲಿಗೆ ಬರೋ ಹಾಗಿಲ್ಲ."

ಅವಳು ಇಳಿದು ಹೋದಳು. ಕೆಳಗೆ ಸ್ವಲ್ಪ ಹೊತ್ತು ಪಿಸುಮಾತು, ಆಮೇಲೆ "ಊಟ ಆಯ್ತಾ ಮಗಾ?" ಎಂಬ ಮುದಿ ದನಿ. ಮತ್ತೆ ಏಣಿ ಕಿರುಗುಟ್ಟಿತು.

"ಹೋಗಿ ಬಂದೆ ಅಪ್ಪಾ. ಈಗಾದ್ರೂ ಕೇಳಿ. ನನಗೆ ಇಷ್ಟ ಇಲ್ಲ. ಇನ್ನೊಂದು ಮಾತೂ ಇದೆ, ಅದನ್ನ ಅಮ್ಮನಿಗೂ ಹೇಳಿಲ್ಲ, ನಿಮಗೇ ಮೊದಲು..."

"ಇಷ್ಟ ಕಷ್ಟ ಎಲ್ಲಾ ಸಂಗತಿ ಕಣಮ್ಮ. ಕಾನೂನಿನ ಪ್ರಶ್ನೆ ಏನಾದ್ರೂ ಇದ್ರೆ ಹೇಳು."

ಅಗ್ನೆಸ್ ಅವನ ಮುಖ ನೋಡಿದಳು. ನಗುತ್ತಿದ್ದಾನೆಯೋ ಎಂದು ನೋಡಿದಳೇನೋ. ಅವನು ನಗುತ್ತಿರಲಿಲ್ಲ. ಕಾಫಿ ಆರುತ್ತಿದೆ ಎಂದು ಲೋಟಕ್ಕೆ ಬಾಯಿಟ್ಟ. ಮಾರನೆಯ ದಿನದಿಂದ ಕಾಫಿ ಏಣಿಯ ಬುಡಕ್ಕೆ ಬಂದು ನಿಲ್ಲತೊಡಗಿತು. ಅವನೇ ಇಳಿದು ತೆಗೆದುಕೊಳ್ಳಬೇಕಾಗಿತ್ತು, ಅದು ಕೋರ್ಟಿನ ಘನತೆಗೆ ಕುಂದು ಎಂದು ಒಂದೆರಡು ಸಲ ಗೊಣಗಿದ. ರಾತ್ರಿ ನಿದ್ದೆ ಬರುವ ಮುಂಚೆ ಮಾತ್ರ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಹುರುಳಿಯ ವಾಯು ಎಂದುಕೊಂಡ.

ಕೆಲವು ವಾರ ಕಳೆದವು. ಕೆಳಗೆ ಜಗಳ ನಿಂತಿತ್ತು. ಯಾವ ಅಪೀಲೂ ಬರುತ್ತಿರಲಿಲ್ಲ. ತನ್ನ ನ್ಯಾಯಪದ್ಧತಿ ಫಲ ಕೊಟ್ಟಿತೆಂದು ಹೈಕೋರ್ಟು ಹಿಗ್ಗಿತು. ಒಂದು ಸಂಜೆ ಪಡಸಾಲೆಯಲ್ಲಿ ಜನರ ಮಾತು, ಹೆಂಗಸರ ನಗು, ಲೋಟಗಳ ಸದ್ದು ಕೇಳಿ ಅವನ ಕೋಳಿನಿದ್ದೆ ಕೆಟ್ಟಿತು. ಕೋಲಿನಿಂದ ಹಲಗೆ ಕುಟ್ಟಿ, ಹಳೆಯ ದಫೇದಾರನ ಗಂಟಲಲ್ಲಿ "ಸದ್ದು, ಸದ್ದು" ಎಂದು ಗದರಿಸಿದ. ಕೆಳಗೆ ಎಲ್ಲರೂ ತಟ್ಟನೆ ಮಾತು ನಿಲ್ಲಿಸಿದರು. ಆ ವಿಧೇಯತೆಗೆ ಮೆಚ್ಚಿ ಮತ್ತೆ ಮಲಗಿದ.

ಆಮೇಲೆ ಒಂದು ಶನಿವಾರ ನಶ್ಯ ಕೊಳ್ಳಲು ಮಾರ್ಕೆಟ್ಟಿಗೆ ಹೋದಾಗ ಮಹದೇವು ಸಿಕ್ಕಿದ. ಕೋರ್ಟಿನಲ್ಲಿ ಇವನ ಕೈಕೆಳಗೆ ಜವಾನನಾಗಿದ್ದವನು, ಇನ್ನೂ ನೌಕರಿಯಲ್ಲಿದ್ದ. ಅವನ ಮುಖದಲ್ಲಿ ದೊಡ್ಡ ಕನಿಕರವಿತ್ತು.

"ಏನಣ್ಣಾ, ನಿಮ್ ಅಗ್ನೆಸಮ್ಮನ್ ಮ್ಯಾಲೆ ಏನ್ ಕೇಸು?"

"ಕೇಸಾ?"

"ಚರ್ಚಲ್ಲಿ ಹೆಸ್ರು ಕೂಗ್ತಾವ್ರಂತಲ್ಲ. ನಮ್ ಓಣಿ ಅಂತೋಣಿ ಹೇಳ್ದ. ಎರಡು ಭಾನ್ವಾರ ಕೂಗಾಯ್ತಂತೆ, ನಾಳೆ ಮೂರ್ನೇದಂತೆ. ಸಿವಿಲ್ಲೋ ಕ್ರಿಮಿನಲ್ಲೋ ಎಂಗೂ ಹೋಗಿ ನಿಂತ್ಕಂಬುಡಿ ಅಣ್ಣಾ. ಮೂರನೇ ಕೂಗಿಗೂ ಬರ್ನಿಲ್ಲ ಅಂದ್ರೆ ಏನಾಯ್ತದೆ ಅಂತ ನಿಮಗ್ ನಾ ಹೇಳ್ಬೇಕಾ?"

ಮಹದೇವುಗೆ ಕೂಗು ಅಂದರೆ ಕೋರ್ಟಿನ ಕೂಗೊಂದೇ ಗೊತ್ತು. ಜ್ಞಾನಪ್ಪನಿಗೆ ಎರಡೂ ಗೊತ್ತಿತ್ತು. ಮದುವೆ ಗೊತ್ತಾದ ಗಂಡು ಹೆಣ್ಣಿನ ಹೆಸರನ್ನು ಮೂರು ಭಾನುವಾರ ಪೂಜೆಯಲ್ಲಿ ಕೂಗಿ ಹೇಳುತ್ತಾರೆ. ಅಡ್ಡಿಯಿದ್ದವರು ಬಂದು ಹೇಳಬೇಕು, ಇಲ್ಲದಿದ್ದರೆ ತಾಳಿ. ಕೂಗುವುದು ಎರಡನೇ ಪೂಜೆಯಲ್ಲಿ. ಜ್ಞಾನಪ್ಪ ಹೋಗುತ್ತಿದ್ದದ್ದು ನಸುಕಿನ ಮೊದಲನೇ ಪೂಜೆಗೆ (ಭಕ್ತಿ ಜಾಸ್ತಿ ಎಂದಲ್ಲ, ಹೆಂಡತಿ ಹೋಗುತ್ತಿದ್ದದ್ದು ಎರಡನೆಯದಕ್ಕೆ). ನಶ್ಯದ ಪೊಟ್ಟಣ ಕೈಯಲ್ಲೇ ಇತ್ತು. ಏಣಿಯ ಮೇಲೆ ನಿಂತ ಮಗಳ ಮುಖ ಕಣ್ಣಮುಂದೆ ಬಂತು. ನನಗೆ ಇಷ್ಟ ಇಲ್ಲ ಎಂದಿದ್ದಳು. ಬಾಯಿಬಿಟ್ಟು ಹೇಳಿದ್ದಳು. ತಾನು ಕಾಫಿ ಕುಡಿದಿದ್ದ. ಮಾರ್ಕೆಟ್ಟಿನ ನಡುವೆ ನಿಂತ ಆ ಮನುಷ್ಯನಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ. ಅದರ ಬೆನ್ನಿಗೇ ಕೋಪವೂ ಬಂತು. ತನ್ನ ಮಗಳನ್ನು ತನಗೇ ಹೇಳದೆ ಆ ಮುದುಕನಿಗೆ ಕಟ್ಟುವುದೆಂದರೇನು? ಮಹದೇವು ಹೋದ ಮೇಲೂ ಅಲ್ಲೇ ನಿಂತಿದ್ದ.

ಆ ಸಂಜೆ ಅವನು ಏಣಿ ಇಳಿದು ಹೆಂಡತಿಯನ್ನೋ ಮಗಳನ್ನೋ ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳುವುದು ಅವನ ಕಸುಬಲ್ಲ. ಮೇಲಿನ ಕೋರ್ಟಿಗೆ ಅಪೀಲಿಲ್ಲದೆಯೂ ತಾನಾಗಿ ಕೈಹಾಕುವ ಅಧಿಕಾರವುಂಟು ಎಂದು ಯಾವ ವಕೀಲರೋ ಎಂದೋ ಹೇಳಿದ್ದು ನೆನಪಾಯಿತು. ತೀರ್ಪನ್ನು ಮೊದಲೇ ಬಾಯಿಬಿಡುವ ಜಡ್ಜರನ್ನೂ ಅವನು ಕಂಡಿರಲಿಲ್ಲ. ಗುಟ್ಟಾಗಿ ಜರಿಪೇಟವನ್ನು ಕೊಡವಿಟ್ಟುಕೊಂಡ. ನಾಳೆ ಮಗಳು ಓಡಿಬಂದು ತನ್ನ ಕಾಲು ಹಿಡಿಯುವ ಚಿತ್ರ ಕಣ್ಣಿಗೆ ಕಟ್ಟಿ, ಕತ್ತಲಲ್ಲಿ ಒಬ್ಬನೇ ಕಣ್ಣೊರೆಸಿಕೊಂಡ.

ಎರಡನೇ ಪೂಜೆಗೆ ಚರ್ಚು ತುಂಬಿತ್ತು. ಜ್ಞಾನಪ್ಪ ಗಂಡಸರ ಕಡೆಯ ಕಂಬಕ್ಕೆ ಒರಗಿ ನಿಂತ. ಬೆಂಚಿನಲ್ಲಿ ಜಾಗವಿತ್ತು, ಆದರೂ ಇಂಥ ಹೊತ್ತಿನಲ್ಲಿ ಅವನ ಕಾಲು ತಾನೇ ನಿಂತುಬಿಡುತ್ತಿತ್ತು. ಮುಂದಿನ ಸಾಲಿನಲ್ಲಿ ಮರಿಯಯ್ಯನ ಬೋಳು ತಲೆ ಕಂಡಿತು. ಪ್ರಸಂಗ ಮುಗಿಸಿ ಸ್ವಾಮಿಗಳು ಚೀಟಿ ಬಿಡಿಸಿದರು. ಫ್ರಾನ್ಸಿನಿಂದ ಬಂದವರು, ಗಡ್ಡ ಬೆಳ್ಳಗಾಗುವಷ್ಟು ಕಾಲ ಮೈಸೂರಲ್ಲೇ ಇದ್ದು ಅಚ್ಚುಕಟ್ಟಾದ ಪುಸ್ತಕದ ಕನ್ನಡ ಕಲಿತವರು.

"ಮೂರನೆಯ ಹಾಗೂ ಕೊನೆಯ ಕೂಗು. ಇದೇ ಚರ್ಚಿನ ವಿಚಾರಣೆಗೆ ಸೇರಿದ ಜ್ಞಾನಪ್ಪ ಮತ್ತು ಅಂತೋಣಮ್ಮನವರ ಪುತ್ರಿ ಅಗ್ನೆಸ್..."

"ತಡೀಬೇಕು ಸ್ವಾಮಿ."

ಕೋರ್ಟಿನ ಕಾಂಪೌಂಡು ದಾಟಿ ಹುಣಸೆಮರದ ಕೆಳಗೆ ಮಲಗಿದ ಕಕ್ಷಿದಾರನನ್ನು ಎಬ್ಬಿಸುತ್ತಿದ್ದ ಗಂಟಲು ಅದು. ಇಡೀ ಚರ್ಚು ತಿರುಗಿ ನೋಡಿತು.

"ನಾನು ಹುಡುಗಿ ತಂದೆ. ಈ ಮದುವೆಗೆ ಅಡ್ಡಿ ಇದೆ. ನನ್ನ ಮಗಳಿಗೆ ಒಪ್ಪಿಗೆ ಇಲ್ಲ. ನನ್ನ ಹತ್ರ ಅವಳೇ ಹೇಳಿದಾಳೆ. ಬಲವಂತವಾಗಿ ಆ ಮರಿಯಯ್ಯನಿಗೆ ಕಟ್ಟೋಕೆ ನಾನು ಬಿಡೋದಿಲ್ಲ."

ಮುಂದಿನ ಸಾಲಿನಲ್ಲಿ ಮರಿಯಯ್ಯ ಮೆಲ್ಲಗೆ ಎದ್ದ. "ನನ್ನ ಹೆಸರು ಯಾಕೆ ಬಂತು ಜ್ಞಾನಪ್ಪನೋರೇ? ಆ ಮಾತು ಮುರಿದು ತಿಂಗಳಾಯ್ತಲ್ಲ."

ಸ್ವಾಮಿಗಳು ಕನ್ನಡಕ ಸರಿಮಾಡಿಕೊಂಡು, ಅರ್ಧಕ್ಕೆ ನಿಂತಿದ್ದ ಕೂಗನ್ನು ಮುಗಿಸಿದರು. "...ಅಗ್ನೆಸ್, ಮತ್ತು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಸವರಿಯಪ್ಪ." ಆಮೇಲೆ ಚೀಟಿ ಮಡಚಿ, "ಸಂಬಂಧಪಟ್ಟವರು ಪೂಜೆಯಾದ ಮೇಲೆ ಒಳಕೋಣೆಗೆ ಬರುವುದು," ಎಂದರು.

ಒಳಕೋಣೆಯಲ್ಲಿ ಮೇಣದ ವಾಸನೆ. ಒಂದು ಗೋಡೆಗೆ ಅಂತೋಣಮ್ಮ, ತಲೆಗೆ ಸೆರಗು ಎಳೆದುಕೊಂಡ ಅಗ್ನೆಸ್. ಎದುರು ಗೋಡೆಗೆ ಹೊಸ ಶರಟಿನ ಸವರಿಯಪ್ಪ, ಅವನ ತಾಯಿ ಪ್ರೇಮಮ್ಮ. ನಡುವೆ ಜ್ಞಾನಪ್ಪ, ಜರಿಪೇಟದ ಸಮೇತ.

"ಅಡ್ಡಿ ಎಂದು ಒಬ್ಬರು ಹೇಳಿದ ಮೇಲೆ ನಾನು ವಿಚಾರಿಸಲೇಬೇಕು," ಎಂದರು ಸ್ವಾಮಿಗಳು. "ಅಗ್ನೆಸ್, ಈ ಹುಡುಗನನ್ನು ಮದುವೆಯಾಗಲು ನಿನಗೆ ಒಪ್ಪಿಗೆಯೇ?"

"ಒಪ್ಪಿಗೆ ಸ್ವಾಮಿ." ದನಿ ಬಹಳ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ.

"ಜ್ಞಾನಪ್ಪನವರೇ, ನಿಮ್ಮ ಮಗಳು ನಿಮ್ಮ ಬಳಿ ಏನು ಹೇಳಿದಳು? ಅವಳ ಮಾತಿನಲ್ಲೇ ಹೇಳಿ."

ಜ್ಞಾನಪ್ಪ ಬಾಯಿ ತೆರೆದ. ಇಷ್ಟ ಇಲ್ಲ ಎಂದಿದ್ದಳು. ಅದರ ಮುಂದೆ ಇನ್ನೊಂದು ಮಾತಿದೆ ಎಂದಿದ್ದಳು. ಆ ಇನ್ನೊಂದು ಮಾತು ಏನು? ಅವನು ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಪೂರ್ತಿ ಕೇಳಲಿಲ್ಲ ಸ್ವಾಮಿ," ಎಂದ.

"ಅವರು ಕೇಳೋದಿಲ್ಲ ಸ್ವಾಮಿ, ಅದು ಕೆಳಗಿನವರ ಕೆಲಸವಂತೆ," ಎಂದಳು ಅಂತೋಣಮ್ಮ. ಅವಳ ಕಣ್ಣು ಕೆಂಪಗಿತ್ತು. "ನಾನು ಆ ಅಂಗಡಿ ಆಸೆಗೆ ಬಿದ್ದು ತಪ್ಪು ಮಾಡ್ದೆ. ಮಗಳು ತಮ್ಮ ಹತ್ರ ಬಂದು ಅತ್ತಳು, ತಾವು ಕರೆದು ಬುದ್ಧಿ ಹೇಳಿದ್ರಿ, ನಾನು ಕೇಳ್ದೆ. ಹುಡುಗನ ಮನೆಯೋರು ಬಂದು ತಾಂಬೂಲ ಬದಲಾಯಿಸ್ವಾಗ ಇವರು ಮೇಲಿಂದ ಕೋಲು ಕುಟ್ಟಿ ಸದ್ದು ಅಂದ್ರು. ಬಂದ ನೆಂಟ್ರು ಬಿಸಿ ಕಾಫಿ ಒಂದೇ ಗುಟುಕಿಗೆ ನುಂಗಿ ಹೋದ್ರು."

"ನನಗೊಂದು ಮಾತು ಹೇಳಬಾರದಿತ್ತೇನೇ?"

"ಯಾಕೆ ಹೇಳ್ಲಿ? ಅವಳು ಕೇಳಿದ್ದು ಕೆಳಗೇ ಸಿಕ್ತು. ಗೆದ್ದೋರು ಯಾರಾದ್ರೂ ಅಪೀಲಿಗೆ ಹೋಗ್ತಾರೇನ್ರೀ?"

ಜ್ಞಾನಪ್ಪ ಕೈಯಲ್ಲಿದ್ದ ಪೇಟವನ್ನು ಕಂಕುಳಿಗೆ ಸೇರಿಸಿದ. ಸ್ವಾಮಿಗಳು ಅಡ್ಡಿಯೇನೂ ಇಲ್ಲವೆಂದು ಹೇಳಿ, ಮದುವೆ ಗೊತ್ತಾದ ದಿನವೇ ನಡೆಯುತ್ತದೆಂದು ಎದ್ದರು. ಸವರಿಯಪ್ಪ ಮಾವನಾಗುವವನಿಗೆ ಕೈಮುಗಿದ. ಪ್ರೇಮಮ್ಮ ಕೈಮುಗಿಯಲಿಲ್ಲ. ಬಾಗಿಲಿನಲ್ಲಿ ನಿಂತು, ಅಗ್ನೆಸಳನ್ನು ಮೇಲಿಂದ ಕೆಳಗೆ ನೋಡಿ, "ಹೆತ್ತ ತಂದೆಗೇ ಗೊತ್ತಿಲ್ದಂಗೆ ಗೊತ್ತಾದ ಮದುವೆ, ಸರಿ ಬುಡಿ," ಎಂದು ಹೊರಟಳು. ಆ ಮಾತು ಅಲ್ಲಿಗೇ ಮುಗಿಯುವುದಲ್ಲ, ಅಗ್ನೆಸಳ ಜೊತೆ ಅತ್ತೆಮನೆಗೆ ಹೋಗಿ ಅಲ್ಲೇ ಬೀಡುಬಿಡುತ್ತದೆ ಎಂದು ಅಲ್ಲಿದ್ದ ಹೆಂಗಸರಿಬ್ಬರಿಗೂ ಅರ್ಥವಾಯಿತು. ಈ ಸಲ ಜ್ಞಾನಪ್ಪನಿಗೂ ಅರ್ಥವಾಯಿತು.

ಮನೆಯ ಕಡೆ ಅಂತೋಣಮ್ಮ ಬಿರಬಿರನೆ ಮುಂದೆ ನಡೆದಳು. ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು. ಜ್ಞಾನಪ್ಪ ಹೆಜ್ಜೆ ಎಳೆದುಕೊಂಡು ಬಂದು ಮಗಳ ಪಕ್ಕ ಸೇರಿದ. ಕ್ಷಮಿಸಮ್ಮ ಎನ್ನಬೇಕೆಂದಿದ್ದ. ಅದರ ಬದಲು, ಬಹಳ ದೂರ ನಡೆದ ಮೇಲೆ, ತನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಸಂಗತಿ ಕೇಳಿದ.

"ಹುಡುಗ ಎಂಥೋನಮ್ಮ?"

ಅಗ್ನೆಸ್ ನಡೆಯುತ್ತಲೇ ಸೆರಗಿನ ತುದಿಯಿಂದ ಕೆನ್ನೆ ಒರೆಸಿಕೊಂಡಳು.

"ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ ಅಪ್ಪಾ. ಈಗ ಊರಿಗೆಲ್ಲ ಗೊತ್ತು. ಯಾರನ್ನಾದ್ರೂ ಕೇಳಿ," ಎಂದು ಹೆಜ್ಜೆ ಬೀಸಿ, ಮುಂದೆ ಹೋಗುತ್ತಿದ್ದ ಅಮ್ಮನನ್ನು ಕೂಡಿಕೊಂಡಳು.